3 ಕಿಲೋವ್ಯಾಟ್ ಸೋಲಾರು: ಪ್ರೀಮಿಯಂ ಪ್ಯಾನೆಲ್ಲಿಗೆ 58 ಸಾವಿರ ಜಾಸ್ತಿ ಕೊಡ್ಬೇಕಾ? ಮಲೆನಾಡಲ್ಲಿ ಹಾಕಿಸಿದೋರು ಹೇಳಿ

ತುಂಗಾದಡ:

ನಮಸ್ಕಾರ ಎಲ್ರಿಗೂ. ನಮ್ದು ತೀರ್ಥಹಳ್ಳಿಯಿಂದ ಕೋಣಂದೂರು ಕಡೆ ಹೋಗೋ ದಾರೀಲಿ ಒಂದು ಹಳ್ಳಿ. ಹಿಂದೆ ಹಳೇ ಹಂಚಿನ ಮನೆ, ಮುಂದೆ ಆಮೇಲೆ ಸೇರಿಸಿದ ಆರ್‌ಸಿಸಿ, ಪಕ್ಕದಲ್ಲಿ ಶೀಟಿನ ಕೊಟ್ಟಿಗೆ. ತಿಂಗಳಿಗೆ 320, 340 ಯೂನಿಟ್ ಬರ್ತಿದೆ, 200 ದಾಟಿದ್ಮೇಲೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲೇ ಕಟ್ಬೇಕು, ಅದಕ್ಕೆ ಕೇಂದ್ರದ ಸಬ್ಸಿಡಿ ಸ್ಕೀಮು ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್ ಹಾಕ್ಸೋಣ ಅಂತ ಹೊರಟಿದೀನಿ.

ಒಬ್ರೇ ವೆಂಡರ್ ಎರಡು ಕೊಟೇಶನ್ ಕೊಟ್ಟಿದಾರೆ. ಒಂದು ಸ್ಟಾಂಡರ್ಡ್, 540 ವ್ಯಾಟಿನ ಮೋನೋ ಪರ್ಕ್ ಅನ್ನೋ ಹಳೇ ಥರದ ಸೆಲ್ಲಿನ (ಪ್ಯಾನೆಲ್ಲೊಳಗೆ ಕರೆಂಟ್ ಮಾಡೋ ಚೌಕ) 6 ಪ್ಯಾನೆಲ್, 1,92,000. ಇನ್ನೊಂದು ಪ್ರೀಮಿಯಂ, 580 ವ್ಯಾಟಿನ ಟಾಪ್‌ಕಾನ್ (ಹೊಸ ಥರದ ಸೆಲ್ಲು) ಬೈಫೇಶಿಯಲ್ (ಹಿಂದಿನಿಂದಲೂ ಬೆಳಕು ಹಿಡಿಯೋದು) 6 ಪ್ಯಾನೆಲ್, 2,50,000. ಪ್ಯಾನೆಲ್ ಕರೆಂಟನ್ನ ಮನೆ ಕರೆಂಟ್ ಮಾಡೋ ಇನ್ವರ್ಟರ್ ಎರಡ್ರಲ್ಲೂ ಅದೇ. ವೆಂಡರ್ ಹುಡುಗ ಹೇಳೋದು ಏನಂದ್ರೆ ಮಲೆನಾಡಲ್ಲಿ ಬಿಸಿಲು ಕಮ್ಮಿ, ಹಂಗಾಗಿ ಪ್ರೀಮಿಯಮ್ಮೇ ಹಾಕ್ಸಿ ಸಾರ್, ಮೋಡ ಇದ್ರೂ ಕರೆಂಟ್ ಬರುತ್ತೆ ಅಂತ. ಕೇಳಕ್ಕೆ ಸರಿ ಅನ್ಸುತ್ತೆ ಆದ್ರೆ 58 ಸಾವಿರ ಅಂದ್ರೆ ಸಣ್ಣ ದುಡ್ಡಾ ಮಾರಾಯ್ರೆ. ಅಮ್ಮಂದು ಬೇರೆ ತಕರಾರು, ಆರ್‌ಸಿಸಿ ಮೇಲೆ ಪ್ಯಾನೆಲ್ ಹಾಕಿದ್ರೆ ಅಡಿಕೆ ಎಲ್ಲಿ ಒಣಗ್ಸೋದು ಅಂತ. ಹಾಕಿಸಿದೋರು ಯಾರಾದ್ರೂ ಇದ್ರೆ ಹೇಳಿ.

ಹೊಸನಗರದ ಮಳೆ:

ನಿಮ್ಮ ಅಮ್ಮ ಹೇಳಿದ್ದು ಸರಿ ಇದೆ, ಮೊದ್ಲು ಅದನ್ನ ಕೇಳಿ. ಎಂಟಡಿ ಎತ್ತರಕ್ಕೆ ಕಂಬ ಕೊಟ್ಟು ಮೇಲೆ ಪ್ಯಾನೆಲ್ ಹಾಕ್ತೀವಿ, ಕೆಳಗೆ ಅಡಿಕೆ ಹರವ್ಕೊಳಿ ಅಂತಾರೆ, ನೆರಳಲ್ಲಿ ಅಡಿಕೆ ಒಣಗುತ್ತಾ? ಬೂಸ್ಟು ಹಿಡಿಯುತ್ತೆ ಅಷ್ಟೆ. ನಾನು ಕೊಟ್ಟಿಗೆ ಶೀಟಿನ ಮೇಲೆ ಹಾಕ್ಸಿದೀನಿ, ಅದ್ರ ಇಳಿಜಾರು ದಕ್ಷಿಣಕ್ಕಿತ್ತು.

ನಂದು ನಿಮ್ಮ ಸ್ಟಾಂಡರ್ಡ್ ಥರದ್ದೇ, 540ರ 6 ಪ್ಯಾನೆಲ್, ಎರಡು ವರ್ಷ ಆಯ್ತು. ಆ್ಯಪ್ ನೋಡಿ ಹೇಳ್ತಿದೀನಿ, ಮಾರ್ಚಲ್ಲಿ 410 ಯೂನಿಟ್, ಜುಲೈನಲ್ಲಿ 118. ಪುನರ್ವಸು ಪುಷ್ಯ ಹಿಡ್ಕೊಂಡಾಗ ಒಂದೊಂದು ದಿನ ಎರಡು ಯೂನಿಟ್ಟೂ ಆಗಿಲ್ಲ. ವರ್ಷದ ಲೆಕ್ಕ ಸುಮಾರು 3900. ಆ ಹುಡುಗ ಹೇಳಿದ ಹಂಗೆ ಮೋಡದಲ್ಲೂ ಕರೆಂಟ್ ಬರುತ್ತೆ ಅನ್ನೋದು ಸುಳ್ಳಲ್ಲ, ಆದ್ರೆ ನಂದ್ರಲ್ಲೂ ಬರುತ್ತೆ, ಬೆಳಕಿದ್ದಷ್ಟು ಬರುತ್ತೆ. ಆಕಾಶದಲ್ಲೇ ಇಲ್ದಿದ್ದನ್ನ ಯಾವ ಪ್ಯಾನೆಲ್ ತಂದ್ಕೊಡುತ್ತೆ.

ಇಲ್ಲಿ ನಿಜವಾದ ಕಾಟ ಬೇರೆ. ಮಂಗ. ಬೆಳಿಗ್ಗೆ ಹಲಸಿನ ಮರದಿಂದ ಸೀದಾ ಪ್ಯಾನೆಲ್ ಮೇಲೆ ಧೊಪ್ ಅಂತ ಹಾರ್ತಾವೆ, ಗಾಜು ಒಡೀದಿಲ್ಲ, ಆದ್ರೆ ಒಂದು ಕಡೆ ಕೇಬಲ್ ಜಗ್ಗಿ ಕನೆಕ್ಟರ್ ಕಿತ್ತಾಕಿದ್ವು, ನಾಲ್ಕು ದಿನ ಸೊನ್ನೆ ತೋರಿಸ್ತು, ಆಮೇಲೆ ಕೇಬಲ್ಲೆಲ್ಲ ಪೈಪೊಳಗೆ ಹಾಕ್ಸಿದೆ. ಎರಡನೇದು ಪಾಚಿ. ಪ್ಯಾನೆಲ್ಲಿನ ಕೆಳಗಿನ ಅಂಚಲ್ಲಿ ಫ್ರೇಮಿಗೆ ತಾಗಿ ನೀರು ನಿಲ್ಲುತ್ತಲ್ಲ, ಅಲ್ಲಿ ಆಗಸ್ಟ್ ಹೊತ್ತಿಗೆ ಒಂದಿಂಚು ಹಸಿರು ಪಟ್ಟಿ ಬೆಳ್ದಿರುತ್ತೆ. ನೋಡಕ್ಕೆ ಚೂರೇ, ಆದ್ರೆ ಕೆಳಗಿನ ಸಾಲಿನ ಸೆಲ್ಲೆಲ್ಲದರ ಅಂಚು ಮುಚ್ಚುತ್ತೆ, ಕರೆಂಟ್ ಕಮ್ಮಿ ಆಗುತ್ತೆ. ಮೂರನೇದು ನಮ್ದೇ ತಪ್ಪು, ಅಡಿಕೆ ಬೇಯ್ಸೋ ಒಲೆ ಕೊಟ್ಟಿಗೆ ಹಿಂದೆ, ಸುಗ್ಗೀಲಿ ಹೊಗೆ ಎಲ್ಲಾ ಪ್ಯಾನೆಲ್ಲಿಗೆ, ಬಟ್ಟೆ ಹಾಕಿ ಒರೆಸಿದ್ರೆ ಬಟ್ಟೆ ಕಪ್ಪು. ಪ್ರೀಮಿಯಂ ಹಾಕ್ಸಿದ್ರೂ ಇದ್ಯಾವ ಕಾಟವೂ ತಪ್ಪೋದಿಲ್ಲ.

ಲೆಕ್ಕದಣ್ಣ:

ಸಾಗರದಿಂದ. ಹೊಸನಗರದೋರು ಕೊಟ್ಟ ನಂಬರ್ ಇಟ್ಕೊಂಡೇ ಲೆಕ್ಕ ಹಾಕೋಣ.

ಮೊದ್ಲು ಒಂದು ಗೊಂದಲ ಬಿಡಿಸ್ಕೊಳಿ. ಎಫಿಶಿಯನ್ಸಿ 21 ಪರ್ಸೆಂಟು, 22.5 ಪರ್ಸೆಂಟು ಅಂತಾರಲ್ಲ, ಅದು ಜಾಗದ ಲೆಕ್ಕ. ಅಷ್ಟೇ ಜಾಗದಲ್ಲಿ ಎಷ್ಟು ವ್ಯಾಟ್ ಹಿಡಿಸ್ಬಹುದು ಅನ್ನೋದು. ಒಂದು ಕಿಲೋವ್ಯಾಟ್ ಪರ್ಕೂ ಒಂದು ಕಿಲೋವ್ಯಾಟ್ ಟಾಪ್‌ಕಾನೂ ಒಂದೇ ಬಿಸಿಲಲ್ಲಿ ಹತ್ತಿರ ಹತ್ತಿರ ಅಷ್ಟೇ ಯೂನಿಟ್ ಕೊಡ್ತವೆ. ವ್ಯತ್ಯಾಸ ಬರೋದು ಮುಖ್ಯವಾಗಿ ಪ್ಯಾನೆಲ್ ಕಾದಾಗ. ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ ಸೆಲ್ಲು 25 ಡಿಗ್ರಿ ಇದ್ದಾಗಿನದ್ದು, ಏಪ್ರಿಲ್ ಮಧ್ಯಾಹ್ನ ಸೆಲ್ಲು 60 ಡಿಗ್ರಿ ಮುಟ್ಟುತ್ತೆ, ಅಲ್ಲಿಗೆ 35 ಡಿಗ್ರಿ ಜಾಸ್ತಿ. ಪರ್ಕ್ ಡಿಗ್ರಿಗೆ ಸುಮಾರು 0.35 ಪರ್ಸೆಂಟ್ ಕಳ್ಕೊಳುತ್ತೆ, ಟಾಪ್‌ಕಾನ್ ಸುಮಾರು 0.29. ಅಂದ್ರೆ ಸುಡು ಮಧ್ಯಾಹ್ನದಲ್ಲಿ ಲಾಭ ಎರಡು ಪರ್ಸೆಂಟು. ಈ ಲಾಭ ಬಳ್ಳಾರಿ ರಾಯಚೂರಲ್ಲಿ ಜಾಸ್ತಿ, ನಮ್ಮಲ್ಲಿ ಕಮ್ಮಿ. ಆ ವೆಂಡರ್ ಹುಡುಗ ಉಲ್ಟಾ ಹೇಳಿದಾನೆ.

ಈಗ ನಿಮ್ಮ ಕೊಟೇಶನ್. 540 ಆರು ಅಂದ್ರೆ 3.24 ಕಿಲೋವ್ಯಾಟ್, ವರ್ಷಕ್ಕೆ 3900 ಯೂನಿಟ್. 580 ಆರು ಅಂದ್ರೆ 3.48, ಅದೇ ಲೆಕ್ಕದಲ್ಲಿ 4190, ಬಿಸಿಗೆ ಅದಕ್ಕೆ ಇದಕ್ಕೆ ಅಂತ ಉದಾರವಾಗಿ ಇನ್ನೂ 3 ಪರ್ಸೆಂಟ್ ಸೇರಿಸಿ, 4310 ಅನ್ನಿ. ಜಾಸ್ತಿ ಬಂದಿದ್ದು 410 ಯೂನಿಟ್ಟು, ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೆ ವರ್ಷಕ್ಕೆ ಹತ್ತಿರ ಹತ್ತಿರ 2500 ರೂಪಾಯಿ. 58 ಸಾವಿರ ವಾಪಸ್ ಬರಕ್ಕೆ 23 ವರ್ಷ. ಅದೂ ನಿಮ್ಮ ಖರ್ಚು ವರ್ಷಕ್ಕೆ 4000 ಯೂನಿಟ್ ಇರೋವಾಗ ಸ್ಟಾಂಡರ್ಡೇ ಅಲ್ಲಿಗೆ ಮುಟ್ಟುತ್ತೆ, ಮಿಕ್ಕಿದ್ದು ಲೈನಿಗೆ ಹೋಗುತ್ತೆ, ಅದಕ್ಕೆ ಕೊಡೋ ರೇಟು ನೀವು ಕಟ್ಟೋ ರೇಟಿಗಿಂತ ಕಮ್ಮಿ.

ಇಲ್ಲ ಜಾಸ್ತಿ ಯೂನಿಟ್ಟೇ ಬೇಕು ಅಂದ್ರೆ ಸ್ಟಾಂಡರ್ಡಿಗೆ ಏಳನೇ ಪ್ಯಾನೆಲ್ ಸೇರಿಸಿ. ನಂಗೆ ಪ್ಯಾನೆಲ್ಲು, ರೇಲು, ಕೂಲಿ ಎಲ್ಲಾ ಸೇರಿ 17 ಸಾವಿರ ಹೇಳಿದ್ರು. ಅದೊಂದೇ 650 ಯೂನಿಟ್ ಕೊಡುತ್ತೆ. 3 ಕಿಲೋವ್ಯಾಟ್ ಇನ್ವರ್ಟರಿಗೆ 3.78 ಕಿಲೋವ್ಯಾಟ್ ಪ್ಯಾನೆಲ್ ಸಾಮಾನ್ಯವಾಗಿ ನಡೆಯುತ್ತೆ, ಆದ್ರೂ ಇನ್ವರ್ಟರಿನ ಡೇಟಾಶೀಟಲ್ಲಿ ಮ್ಯಾಕ್ಸಿಮಮ್ ಡಿಸಿ, ಅಂದ್ರೆ ಎಷ್ಟು ಪ್ಯಾನೆಲ್ ತಡ್ಕೊಳುತ್ತೆ ಅಂತ ನೋಡ್ಕೊಳಿ.

ಇನ್ನೊಂದು, ಇದನ್ನ ಮರೀಬೇಡಿ. ಸಬ್ಸಿಡಿ ಮೊದಲ 2 ಕಿಲೋವ್ಯಾಟಿಗೆ 30 ಸಾವಿರದಂತೆ, ಮೂರನೇದಕ್ಕೆ 18 ಸಾವಿರ, ಒಟ್ಟು 78 ಸಾವಿರ. ಅದು ಸಿಗೋದು ಡಿಸಿಆರ್ ಪ್ಯಾನೆಲ್ಲಿಗೆ ಮಾತ್ರ, ಅಂದ್ರೆ ಪ್ಯಾನೆಲ್ ಇಲ್ಲಿ ಜೋಡ್ಸಿದ್ರೆ ಸಾಲ್ದು, ಒಳಗಿನ ಸೆಲ್ಲೂ ಭಾರತದಲ್ಲೇ ಆಗಿರ್ಬೇಕು. ಪ್ರೀಮಿಯಂ ಅಂತ ಹೇಳಿ ಹೊರಗಿನ ಸೆಲ್ ಇರೋ ಟಾಪ್‌ಕಾನ್ ಹಾಕಿದ್ರೆ ಸಬ್ಸಿಡಿ ಹೋಯ್ತು. ನಮ್ಮ ನೆಂಟರೊಬ್ರಿಗೆ ಹಂಗೇ ಆಗಿದೆ, ಬಿಲ್ಲಲ್ಲಿ ಬರೀ ಮಾಡೆಲ್ ಹೆಸರಿತ್ತು, ಇವ್ರು ಕೇಳ್ಲಿಲ್ಲ. ದುಡ್ಡು ಆಮೇಲೆ ನಿಮ್ಮ ಖಾತೆಗೆ ಬರೋದಾದ್ರಿಂದ ಗೊತ್ತಾಗೋದೂ ಆಮೇಲೇ. ಎರಡೂ ಕೊಟೇಶನ್ನಲ್ಲಿ ಡಿಸಿಆರ್ ಅಂತ ಬರೆಸ್ಕೊಳಿ. ಹಾಗೇ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ಲಿಗೆ 12ರಿಂದ 5ಕ್ಕೆ ಇಳಿದಿದೆ, ಕೊಟೇಶನ್ ಹಳೇದೇನೋ ನೋಡಿ.

ಗೋಪಾಳದವಳು:

ಎಲ್ರೂ ಪ್ರೀಮಿಯಂ ಬೇಡ ಅಂತಿದೀರ, ನಾನೊಬ್ಳು ಹಾಕ್ಸಿದೀನಿ ಅದಕ್ಕೆ ಹೇಳ್ತೀನಿ. ಶಿವಮೊಗ್ಗ ಗೋಪಾಳದಲ್ಲಿ ನಮ್ದು 30/40 ಸೈಟು, ಟೆರೇಸ್ ಮೇಲೆ ನೀರಿನ ಟ್ಯಾಂಕು, ವಾಟರ್ ಹೀಟರು, ಬಟ್ಟೆ ಒಣಗ್ಸೋ ಜಾಗ, ಪಕ್ಕದೋರು ಮೂರಂತಸ್ತು ಎಬ್ಬಿಸಿ ಅವ್ರ ಗೋಡೆ ನೆರಳು ಬೇರೆ. ಐದೇ ಪ್ಯಾನೆಲ್ಲಿಗೆ ಜಾಗ ಇದ್ದಿದ್ದು. ಹಂಗಿದ್ದಾಗ 580ರದ್ದು ಹಾಕ್ಸಿದ್ರೆ 2.9 ಆಗುತ್ತೆ, 540 ಹಾಕ್ಸಿದ್ರೆ 2.7. ಅದಕ್ಕೆ ಕೊಟ್ವಿ. ನಿಮ್ಗೆ ಕೊಟ್ಟಿಗೆ ಮೇಲೆ ಜಾಗ ಬೇಕಾದಷ್ಟಿದ್ರೆ ಆ ಕಾರಣ ಇಲ್ಲ ಬಿಡಿ.

ಆದ್ರೆ ಲೆಕ್ಕದಣ್ಣ ಒಂದು ಬಿಟ್ರು. ಪ್ರೀಮಿಯಮ್ಮಿನ ಡಬಲ್ ಗ್ಲಾಸ್. ಸ್ಟಾಂಡರ್ಡಲ್ಲಿ ಮುಂದೆ ಗಾಜು, ಹಿಂದೆ ಪ್ಲಾಸ್ಟಿಕ್ ಶೀಟ್ ಇರುತ್ತೆ. ವರ್ಷಕ್ಕೆ ನಾಲ್ಕು ತಿಂಗಳು ಗೋಡೆಯೇ ಬೆವರೋ ಊರಲ್ಲಿ ಆ ಹಿಂದಿನ ಶೀಟಿಂದ ನಿಧಾನಕ್ಕೆ ತೇವ ಒಳಗೆ ಹೋಗುತ್ತೆ. ಎರಡೂ ಕಡೆ ಗಾಜಿದ್ರೆ ಆ ಭಯ ಕಮ್ಮಿ, ಅದಕ್ಕೇ ಅದಕ್ಕೆ 30 ವರ್ಷದ ವಾರಂಟಿ ಕೊಡ್ತಾರೆ. ನಂಗೆ ಕೊಡೋದಾದ್ರೆ ದುಡ್ಡು ಅದಕ್ಕೆ ಕೊಡ್ಬೇಕು ಅನ್ಸುತ್ತೆ, ಟಾಪ್‌ಕಾನ್ ಅನ್ನೋ ಹೆಸರಿಗಲ್ಲ. ಬೈಫೇಶಿಯಲ್ ಹಿಂದಿನಿಂದಲೂ ಕರೆಂಟ್ ಮಾಡುತ್ತೆ ಅನ್ನೋದು ಬಿಳಿ ಟೆರೇಸ್ ಮೇಲೆ ಎತ್ತರಕ್ಕೆ ಹಾಕಿದ್ರೆ ಮಾತ್ರ, ಕೊಟ್ಟಿಗೆ ಶೀಟಿಗೆ ಅಂಟಿಸಿದ ಹಾಗೆ ಹಾಕಿದ್ರೆ ಹಿಂದೆ ಕತ್ತಲೆ, ಏನೂ ಬರಲ್ಲ. ಒಂದು ಪ್ಯಾನೆಲ್ 32 ಕೇಜಿ ಹತ್ರ ಇರುತ್ತೆ, ಕೊಟ್ಟಿಗೆ ಪಕಾಸಿ ಗಟ್ಟಿ ಇದ್ಯಾ ನೋಡಿ.

ತುಂಗಾದಡ:

ಎಲ್ರಿಗೂ ಥ್ಯಾಂಕ್ಸ್, 23 ವರ್ಷ ಅಂದಾಗ ಅಪ್ಪ ನಕ್ಕಿದ್ದು ನೋಡ್ಬೇಕಿತ್ತು. ಕೊಟ್ಟಿಗೆ ಇಳಿಜಾರು ನಮ್ದೂ ದಕ್ಷಿಣಕ್ಕೇ ಇದೆ, ಆದ್ರೆ ಆ ಕಡೆ ತೋಟ ಶುರು, ಅಡಿಕೆ ಮರ 40 ಅಡಿ ಇರ್ಬಹುದು. ಏಪ್ರಿಲಲ್ಲಿ ವೆಂಡರ್ ಬಂದು ನೋಡಿ ನೆರಳಿಲ್ಲ ಅಂದಿದಾರೆ. ಇನ್ನೊಂದು, ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ, ಆಗ ಇದು ಮನೆಗೆ ನಡೆಯುತ್ತಲ್ಲ?

ಹೊಸನಗರದ ಮಳೆ:

ನಡೆಯಲ್ಲ. ನಂಗೂ ಹಾಕ್ಸಿದ್ಮೇಲೇ ಗೊತ್ತಾಗಿದ್ದು. ಲೈನಲ್ಲಿ ಕರೆಂಟ್ ಹೋದ್ರೆ ಈ ಇನ್ವರ್ಟರೂ ನಿಂತು ಬಿಡುತ್ತೆ, ಇಲ್ದಿದ್ರೆ ನಿಮ್ಮ ಮನೆ ಕರೆಂಟು ಲೈನಿಗೆ ಹೋಗಿ ಕಂಬ ಹತ್ತಿರೋ ಲೈನ್‌ಮನ್‌ಗೆ ಹೊಡೆಯುತ್ತೆ. ಶರಾವತಿ ನೀರಿಂದ ರಾಜ್ಯಕ್ಕೆಲ್ಲ ಬೆಳಕು, ಆಟಿ ತಿಂಗಳಲ್ಲಿ ನಮ್ಗೆ ಮಾತ್ರ ಬುಡ್ಡಿ ದೀಪ, ಎಂತ ಮಾಡೋದು. ಹಳೇ ಬ್ಯಾಟರಿ ಇನ್ವರ್ಟರ್ ಇದ್ರೆ ಮಾರಬೇಡಿ, ಲೈಟು ಫ್ಯಾನಿಗೆ ಅದೇ ಇರ್ಲಿ.

ಲೆಕ್ಕದಣ್ಣ:

ಹೈಬ್ರಿಡ್ ಇನ್ವರ್ಟರ್ ಮತ್ತೆ ಲಿಥಿಯಂ ಬ್ಯಾಟರಿ ಹಾಕಿದ್ರೆ ನಡೆಯುತ್ತೆ. ಆ 58 ಸಾವಿರ ಇದ್ಯಲ್ಲ, ಅದನ್ನ ಆ ಕಡೆ ತಿರುಗಿಸಿ. ಪೂರ್ತಿ ಸಾಲ್ದೇ ಇರ್ಬಹುದು, ಆದ್ರೆ ಫ್ರಿಜ್ಜು, ಲೈಟು, ಮೊಬೈಲು ನಡೆದ್ರೆ ಮಳೆಗಾಲದಲ್ಲಿ ಅದೇ ಪ್ರೀಮಿಯಂ.

ನೆರಳಿನ ವಿಷಯ ಗಂಭೀರ. ಏಪ್ರಿಲ್ ಕೊನೇಲಿ ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಆಗ ಯಾವ ಮರಕ್ಕೂ ಮಧ್ಯಾಹ್ನ ನೆರಳೇ ಇರಲ್ಲ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಿರ್ತಾನೆ, 40 ಅಡಿ ಮರದ ನೆರಳು ಮಧ್ಯಾಹ್ನ 12ಕ್ಕೇ ನೆಲದ ಮೇಲೆ 30 ಅಡಿ ಉತ್ತರಕ್ಕೆ ಬರುತ್ತೆ, ಬೆಳಿಗ್ಗೆ ಸಾಯಂಕಾಲ ಇನ್ನೂ ಉದ್ದ. ಆರೂ ಪ್ಯಾನೆಲ್ ಸರಪಳಿ ಥರ ಒಂದೇ ಲೈನಲ್ಲಿ ಇರೋದ್ರಿಂದ ಒಂದರ ಮೇಲೆ ಅಡಿಕೆ ಸೋಗೆ ನೆರಳು ಬಿದ್ರೂ ಪೆಟ್ಟು ಬೀಳುತ್ತೆ. ಮಳೆ ಬಿಟ್ಟ ಮೇಲೆ ಒಳ್ಳೇ ಬಿಸಿಲಿರೋ ನಾಲ್ಕು ತಿಂಗಳು ನೆರಳಿಗೆ ಕೊಟ್ರೆ 540 ಆದ್ರೇನು 580 ಆದ್ರೇನು. ಕೊಟ್ಟಿಗೆ ಅಂಚಿಂದ ಮೊದಲ ಸಾಲು ಮರಕ್ಕೆ ಎಷ್ಟಡಿ?

ಮತ್ತೆ ಅರ್ತಿಂಗ್. ಸಿಡಿಲು ಜಾಸ್ತಿ ಇರೋ ಊರು, ಮೂರು ಗುಂಡಿ ಬೇರೆ ಬೇರೆ ಮಾಡ್ಸಿ, ಎಸಿಗೆ (ಮನೆ ಕಡೆ ಕರೆಂಟು) ಒಂದು, ಡಿಸಿಗೆ (ಪ್ಯಾನೆಲ್ ಕಡೆ ಕರೆಂಟು) ಒಂದು, ಮಿಂಚುಬಂಧಕಕ್ಕೆ ಒಂದು. ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿ ಅರ್ತಿಂಗ್ ಹಿಡಿಯಲ್ಲ, ಮೊದಲ ಗುಡುಗು ಬರೋದೇ ಆಗ, ಮಾರ್ಚಿಂದ ಗುಂಡಿಗೆ ವಾರಕ್ಕೊಂದ್ಸಲ ಒಂದು ಕೊಡ ನೀರು ಹಾಕಿ.

ತುಂಗಾದಡ:

ಈಗಷ್ಟೇ ಅಪ್ಪನ ಜೊತೆ ಹೋಗಿ ಟೇಪ್ ಹಿಡಿದು ಅಳೆದು ಬಂದೆ. ಮೊದಲ ಸಾಲಿಗೆ 22 ಅಡಿ. ಆ ಸಾಲಲ್ಲಿ ಆರು ಮರ ಹಳೇವು, ಫಸಲೂ ಕಮ್ಮಿ, ಈ ಸಲ ಕೊಯ್ಲು ಮುಗಿದ ಮೇಲೆ ತೆಗೆದು ಬಿಡೋಣ ಅಂತ ಅಪ್ಪನೇ ಹೇಳಿದ್ರು, ಅಮ್ಮ ಇನ್ನೂ ಒಪ್ಪಿಲ್ಲ. ವೆಂಡರಿಗೆ ಫೋನ್ ಮಾಡಿ ಸ್ಟಾಂಡರ್ಡೇ ಕೊಡಿ, ಡಿಸಿಆರ್ ಅಂತ ಬರೆದು ಕೊಡಿ, ಹೈಬ್ರಿಡ್ ಇನ್ವರ್ಟರ್ ಹಾಕಿದ್ರೆ ಎಷ್ಟು ಹೇಳಿ ಅಂದೆ. ನಾಳೆ ಹೊಸ ಕೊಟೇಶನ್ ಕಳಿಸ್ತೀನಿ ಅಂದಿದಾರೆ, ಬಂದ್ರೆ ಇಲ್ಲೇ ಹಾಕ್ತೀನಿ.