2 ಬಿಎಚ್‌ಕೆ ಮನೆಯಲ್ಲಿ ಮಾಡೆಲ್ ರೈಲಿಗೆ ಜಾಗ ಎಲ್ಲಿ?

ಪ್ರಶ್ನೆ: ಅಪಾರ್ಟ್‌ಮೆಂಟ್ ಮನೆ, ನೆಲಮಾಳಿಗೆ ಇಲ್ಲ. ಖಾಲಿ ಇರುವುದು ರೂಮಿನ 10 ಅಡಿ ಗೋಡೆ ಮಾತ್ರ. ಎಚ್‌ಒ ಸ್ಕೇಲಿನಲ್ಲಿ (ನಿಜ ರೈಲಿನ 87ರಲ್ಲಿ ಒಂದು ಪಾಲು ಗಾತ್ರ) ರೈಲು ಸುತ್ತು ಹೊಡೆಯುವಂತೆ ಮಾಡಬಹುದೇ?

ಉತ್ತರ 1: ಸುತ್ತು ಬೇಕೆಂದರೆ ಎಚ್‌ಒ ಬೇಡ. 18 ಇಂಚು ತ್ರಿಜ್ಯದ ತಿರುವಿಗೆ ಹಲಗೆ 40 ಇಂಚು ಅಗಲವಾದರೂ ಬೇಕು. ಗೋಡೆಗೆ ಒತ್ತಿಟ್ಟರೆ ಹಿಂಬದಿಗೆ ಕೈ ಎಟುಕಲ್ಲ, ಅಲ್ಲೇ ಬೋಗಿ ಹಳಿ ತಪ್ಪುತ್ತದೆ ನೋಡಿ! ಎಚ್‌ಒದ ಸುಮಾರು ಅರ್ಧ ಗಾತ್ರದ ಎನ್ ಸ್ಕೇಲಿಗೆ 11 ಇಂಚು ತ್ರಿಜ್ಯ ಸಾಕು. 30 ಇಂಚು ಅಗಲದ ಬಾಗಿಲಿನ ಹಲಗೆಯ ಮೇಲೆ ಪೂರ್ತಿ ಸುತ್ತು ಕೂರುತ್ತದೆ.

ಉತ್ತರ 2: ಎಚ್‌ಒ ಬಿಡಲು ಮನಸ್ಸಿಲ್ಲವೇ? ಸುತ್ತನ್ನೇ ಬಿಡಿ, ಶಂಟಿಂಗ್ ಯಾರ್ಡ್ ಮಾಡಿ, ಅಂದರೆ ಎಂಜಿನ್ನಿಂದ ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವ ಜಾಗ. 12 ಇಂಚು ಅಗಲದ ಶೆಲ್ಫ್, ಎರಡೇ ಪಾಯಿಂಟ್ (ರೈಲನ್ನು ಬೇರೆ ಹಳಿಗೆ ತಿರುಗಿಸುವ ಕವಲು), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಹಳಿ): ಒಂದರಲ್ಲಿ 5 ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಸಬೇಕು. ಮುಂದಿನ ತುದಿಯ ಹಳಿಯಲ್ಲಿ ಎಂಜಿನ್ ಜೊತೆ 3 ವ್ಯಾಗನ್ ನಿಲ್ಲಬೇಕು, ಈ ಅಳತೆ ತಪ್ಪಿದರೆ ಆಟವೇ ಕೆಟ್ಟಿತು. 8 ವ್ಯಾಗನ್ ನಿಲ್ಲಿಸಿ, ಚೀಟಿ ಎತ್ತಿದ ಕ್ರಮದಲ್ಲಿ 5 ಜೋಡಿಸುವುದು. ಗಂಟೆಗಟ್ಟಲೆ ಬೇಸರವಾಗಲ್ಲ.

ಉತ್ತರ 3: ಯಾವುದೇ ಮಾಡಿ, ಬಿಸಿಲು ಬೀಳುವ ಕಿಟಕಿ ಎದುರು ಬೇಡ. ಹಳಿ ಹಿಗ್ಗಿ ಬಾಗುತ್ತದೆ. ಅಲ್ಲಲ್ಲಿ 1 ಮಿ.ಮೀ. ಸಂದು ಬಿಡಿ. ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರುತ್ತದೆ, ಅಡಿಭಾಗಕ್ಕೂ ಅಂಚಿಗೂ ಪೇಂಟ್ ಹೊಡೆಯಿರಿ. ಕರೆಂಟಿಗೆ ಹಳಿ ಜೋಡಿಸುವ ಕ್ಲಿಪ್ ನಂಬಬೇಡಿ, 3 ಅಡಿಗೊಂದು ಜೊತೆ ತಂತಿ ಬೆಸುಗೆ ಹಾಕಿ.