ಗಿರಗಾಂವ್ ಚಾಳಿಗೆ ಯಾವ ವೈಡ್ ಲೆನ್ಸ್: 90 ಸಾಕಾ, 75 ಬೇಕಾ?

ಚಾಳ್‌ಹುಡುಗಿ (ಮುಂಬಯಿ):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮಡಚುವ ಮರದ 4×5 ಕ್ಯಾಮೆರಾ (4×5 ಇಂಚಿನ ಶೀಟ್ ಫಿಲ್ಮ್ ಹಾಕುವಂಥದ್ದು) ಇದೆ. ಲೆನ್ಸ್ ಒಂದೇ, 150 ಮಿ.ಮೀ. ದೊಡ್ಡಮ್ಮ ಇರುವ ಗಿರಗಾಂವ್‌ನ ಚಾಳನ್ನು (ಉದ್ದ ಗ್ಯಾಲರಿಗಳ ವಠಾರ) ಮಳೆಗಾಲ ಮುಗಿದ ಮೇಲೆ ಕೆಡವುತ್ತಾರಂತೆ. ಅಷ್ಟರೊಳಗೆ ಅದನ್ನು ಸರಿಯಾಗಿ ಫಿಲ್ಮಿನಲ್ಲಿ ತೆಗೆದಿಡಬೇಕು ಅಂತ ಆಸೆ. ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಎತ್ತರ ಸುಮಾರು 13 ಮೀಟರ್. ನಡುವಿನ ಅಂಗಳದ ಅಗಲ ಮಾತ್ರ 9 ಮೀಟರ್. ನನ್ನ 150ರಲ್ಲಿ ಎದುರಿನ ಮೂರು ಬಾಗಿಲು, ಒಣಗಲು ಹಾಕಿದ ಒಂದು ಸೀರೆ, ಅಷ್ಟೇ ಬರುತ್ತದೆ. ಕೆಳಗಿನ ನಲ್ಲಿಯಿಂದ ಮೇಲಿನ ಆಕಾಶದವರೆಗೆ ಒಂದೇ ಚಿತ್ರದಲ್ಲಿ ಬೇಕು. ಹಾಗೇ ಒಂದು ದಿನ ರಾಜಾಬಾಯಿ ಟವರ್ (ಇಲ್ಲಿನ ಗಡಿಯಾರ ಗೋಪುರ) ಕೂಡ ತೆಗೆಯಬೇಕು. ದುಡ್ಡಿರುವುದು ಒಂದು ಲೆನ್ಸಿಗೆ. ಮಿ.ಮೀ. ಕಡಿಮೆಯಾದಷ್ಟೂ ಹೆಚ್ಚು ಅಗಲ ಕಾಣುತ್ತದೆ ಅಂತ ಗೊತ್ತು. 90 ತಗೊಳ್ಳಲಾ, 75 ತಗೊಳ್ಳಲಾ?

ಮಾಟುಂಗಾಮಾಣಿ (ಮುಂಬಯಿ):
75, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಮಾರಾಯ್ರೆ. ಈ ಊರಲ್ಲಿ ಹಿಂದೆ ಹೋಗಲು ಜಾಗ ಎಲ್ಲಿದೆ? ಎರಡು ಹೆಜ್ಜೆ ಹಿಂದೆ ಇಟ್ಟರೆ ಯಾರದೋ ಸ್ಕೂಟರ್, ಮೂರನೆಯದಕ್ಕೆ ಗಟಾರ. ನಾನು ಮೊದಲು 90 ತಗೊಂಡೆ. ಆಮೇಲೆ ಪ್ರತಿ ಸಲವೂ "ಇನ್ನೊಂಚೂರು, ಇನ್ನೊಂಚೂರು" ಅಂತ ಗೋಡೆಗೆ ಬೆನ್ನು ಉಜ್ಜಿಕೊಂಡದ್ದೇ ಬಂತು. ಕೊನೆಗೆ 75ನ್ನೂ ತಗೊಂಡೆ.

ಮಡಗಾಂವ್‌ಮಳೆ (ಗೋವಾ):
ಹಾಗೆ ಹೇಳಬೇಡಿ ಮಾಣಿ. ಮೊದಲ ವೈಡ್ 75 ಆದರೆ ಕಷ್ಟ. ನಾನು ಹಳೆ ಗೋವಾದ ಇಗರ್ಜಿಗಳನ್ನು ಸುಮಾರು ತೆಗೆದಿದ್ದೇನೆ. ವೈಡ್ ಹೆಚ್ಚಿದಷ್ಟೂ ಅಂಚಿನಲ್ಲಿರುವವರ ತಲೆ ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ಗೋಡೆ ನೆಟ್ಟಗೇ ಇರುತ್ತದೆ, ಮನುಷ್ಯರು ಮಾತ್ರ ಕುಂಬಳಕಾಯಿ ಆಗುತ್ತಾರೆ. ಚಾಳಿನ ಚಿತ್ರ ಅಂದರೆ ಗ್ಯಾಲರಿ ತುಂಬ ಜನ ನಿಂತಿರುತ್ತಾರೆ, ಅಲ್ವಾ? ಮೂಲೆಯಲ್ಲಿ ನಿಂತ ದೊಡ್ಡಮ್ಮ ಪ್ರಿಂಟ್ ನೋಡಿ ಬೈದರೆ ನನ್ನನ್ನು ಕೇಳಬೇಡಿ.

ಮೊಬೈಲ್‌ಸಾಕು (ಮುಂಬಯಿ):
ಇಷ್ಟೆಲ್ಲ ಯಾಕೆ? ಫೋನಿನಲ್ಲಿ ನಾಲ್ಕು ಫೋಟೊ ತೆಗೆದು ಜೋಡಿಸಿದರೆ ಮುಗೀತು.

ಚಾಳ್‌ಹುಡುಗಿ (ಮುಂಬಯಿ):
ಫೋನಿನಲ್ಲಿ ಈಗಾಗಲೇ ಇನ್ನೂರು ತೆಗೆದಿದ್ದೇನೆ. ಒಂದನ್ನೂ ಯಾರೂ ಎರಡು ಸಲ ನೋಡಿಲ್ಲ. ಈ ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ ಹೊದ್ದು ನಿಂತಾಗ ಮಾತ್ರ ಚಾಳಿನವರೆಲ್ಲ ಬಂದು ಬಾಚಿಕೊಂಡು ನಿಲ್ಲುತ್ತಾರೆ!

ಲೆಕ್ಕದಪಾಟಿ (ಪುಣೆ):
ನೋಡ್ರಿ, ಇಬ್ಬರೂ 90, 75 ಅನ್ನೋ ಅಂಕಿ ಹಿಡ್ಕೊಂಡೇ ಜಗಳ ಮಾಡ್ತಾ ಇದ್ದೀರಿ. ಲೆನ್ಸ್ ಎಷ್ಟು ದೊಡ್ಡ ಬೆಳಕಿನ ವೃತ್ತ ಬೀಳಿಸುತ್ತದೆ ಅನ್ನೋದನ್ನು ಯಾರೂ ಕೇಳಲಿಲ್ಲ. ಅದೇ ಇಮೇಜ್ ಸರ್ಕಲ್.

ಎತ್ತರದ ಕಟ್ಟಡಕ್ಕೆ ಕ್ಯಾಮೆರಾದ ಮೂತಿ ಮೇಲಕ್ಕೆ ಎತ್ತಿದರೆ ಗೆರೆಗಳು ಒಳಗೆ ವಾಲುತ್ತವೆ. ಅದಕ್ಕೇ ಕ್ಯಾಮೆರಾ ನೆಟ್ಟಗಿಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುತ್ತೇವೆ. ಅದು ರೈಸ್. ಎಷ್ಟು ಸರಿಸಬಹುದು ಅನ್ನೋದು ವೃತ್ತದ ಮೇಲೆ ನಿಂತಿದೆ. 4×5 ಫಿಲ್ಮಿನಲ್ಲಿ ಚಿತ್ರ ಬೀಳುವ ಜಾಗ ಸುಮಾರು 94 × 120 ಮಿ.ಮೀ. ಫಿಲ್ಮ್ ಉದ್ದಕ್ಕೆ ನಿಲ್ಲಿಸಿ ಲೆಕ್ಕ ಹಾಕಿದೆ.

ಹಳೆಯ ಪುಟ್ಟ ಆಂಗ್ಯುಲಾನ್ 90, ಎಫ್ 6.8 (ಎಫ್ ಅಂದರೆ ಬೆಳಕು ಬರುವ ಕಿಂಡಿ; ಅಂಕಿ ಏರಿದಷ್ಟೂ ಕಿಂಡಿ ಸಣ್ಣದು). ವೃತ್ತದ ವ್ಯಾಸ 154 ಮಿ.ಮೀ. ಆಸುಪಾಸು. ರೈಸ್ ಒಂದು ಮಿ.ಮೀ. ಅಂದರೆ ಇಲ್ಲ ಅಂತಲೇ ತಿಳಿಯಿರಿ. ಅಗ್ಗ ಸಿಗುತ್ತದೆ, ಜೇಬಲ್ಲಿ ಹಿಡಿಯುತ್ತದೆ, ನಿಮ್ಮ ಕೆಲಸಕ್ಕೆ ಬಾರದು. ಸೂಪರ್ ಆಂಗ್ಯುಲಾನ್ 90, ಎಫ್ 8ಕ್ಕೆ ವೃತ್ತ 216, ರೈಸ್ 37. ನಿಕ್ಕಾರ್ ಎಸ್‌ಡಬ್ಲ್ಯು 90, ಎಫ್ 8ಕ್ಕೆ ವೃತ್ತ 235, ರೈಸ್ 47. ಸೂಪರ್ ಆಂಗ್ಯುಲಾನ್ 75, ಎಫ್ 5.6ಕ್ಕೆ ವೃತ್ತ 198, ರೈಸ್ ಬರೀ 27. ಇವೆಲ್ಲ ಎಫ್ 22ಕ್ಕೆ ಮುಚ್ಚಿದಾಗಿನ ಅಳತೆ.

ಈಗ ರಾಜಾಬಾಯಿ ಟವರ್. 85 ಮೀಟರ್ ಎತ್ತರ. ತುದಿ ಫಿಲ್ಮಿನೊಳಗೆ ಬರಬೇಕಾದರೆ ಆ 75 ಹಿಡಿದು ಸುಮಾರು 72 ಮೀಟರ್ ದೂರ ನಿಲ್ಲಬೇಕು. ನಿಕ್ಕಾರ್ 90 ಹಿಡಿದರೆ 70 ಸಾಕು. 90 ಹಿಡಿದವನೇ ಹತ್ತಿರ ನಿಂತಿದ್ದಾನೆ! ಎರಡು ಸಲ ಲೆಕ್ಕ ಮಾಡಿ ನೋಡಿದೆ, ನನಗೇ ನಂಬಿಕೆ ಬರಲಿಲ್ಲ.

ಇನ್ನೊಂದು. ನಿಮ್ಮ 150ರ ವೃತ್ತ 210 ಇದ್ದರೆ (ಆ ಕಾಲದ ಎಫ್ 5.6 ಲೆನ್ಸುಗಳಲ್ಲಿ ಸುಮಾರು ಹಾಗೇ ಇರುತ್ತದೆ), 133 ಮೀಟರ್ ದೂರದಿಂದ ಟವರ್ ಪೂರ್ತಿ ಬರುತ್ತದೆ. ಓವಲ್ ಮೈದಾನದಲ್ಲಿ ಹಿಂದಕ್ಕೆ ನಡೆದು ಹೋಗಿ, ಮರ ಅಡ್ಡ ಬರದ ಜಾಗ ಹುಡುಕಿ. ಅದಕ್ಕೆ ಹೊಸ ಲೆನ್ಸ್ ಯಾಕ್ರೀ?

ಮಾಟುಂಗಾಮಾಣಿ (ಮುಂಬಯಿ):
ಲೆಕ್ಕ ಚೆನ್ನಾಗಿದೆ ಪಾಟಿಯವರೇ. ಕಾಗದದ ಮೇಲೆ. ನಿಮ್ಮ 47 ಮಿ.ಮೀ. ರೈಸನ್ನು ಮಡಚುವ ಮರದ ಕ್ಯಾಮೆರಾದಲ್ಲಿ ಮಾಡಿ ತೋರಿಸಿ. 90 ಹಾಕಿದಾಗ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಮಡಿಕೆಯ ಕೊಳವೆ) ಹಪ್ಪಳದ ಕಟ್ಟಿನ ಹಾಗೆ ಒತ್ತಿಕೊಂಡಿರುತ್ತದೆ. ಮೇಲಕ್ಕೆ ಎಳೆದರೆ 20, 25ಕ್ಕೇ ಬಿಗಿಯುತ್ತದೆ. ಇನ್ನೂ ಎಳೆದರೆ ಮುಂದಿನ ಚೌಕಟ್ಟೇ ಸೊಟ್ಟಗಾಗುತ್ತದೆ. ಚೀಲದಂಥ ಮೆತ್ತನೆ ಬ್ಯಾಗ್ ಬೆಲ್ಲೋಸ್ ಇದ್ದರೆ ಬೇರೆ ಮಾತು. ಆ ಹುಡುಗಿಯ ಕ್ಯಾಮೆರಾದಲ್ಲಿ ಬೆಲ್ಲೋಸ್ ಬಿಚ್ಚಿ ಬದಲಿಸಲು ಬರುತ್ತದಾ, ಮೊದಲು ಅದು ಕೇಳಿ.

ಚಾಳ್‌ಹುಡುಗಿ (ಮುಂಬಯಿ):
ಬರುವುದಿಲ್ಲ. ಅಂಟಿಸಿದ್ದು. 150 ಇಟ್ಟಾಗ ರೈಸ್ ಆರಾಮಾಗಿ 35ರವರೆಗೆ ಹೋಗುತ್ತದೆ. ಬೆಲ್ಲೋಸನ್ನು 90ರಷ್ಟು ಒತ್ತಿ ನೋಡಿದೆ, 22ಕ್ಕೆ ನಿಂತಿತು. 75ರಷ್ಟು ಒತ್ತಿದರೆ 12.

ಲೆಕ್ಕದಪಾಟಿ (ಪುಣೆ):
ಹ್ಞಾಂ. ಮಾಣಿ ಅವರ ಮಾತು ಒಪ್ಪಿದೆ. ಹಾಗಾದರೆ ದೊಡ್ಡ ವೃತ್ತಕ್ಕೆ ದುಡ್ಡು ಸುರಿಯಬೇಡಿ. 216 ಇದ್ದರೂ 235 ಇದ್ದರೂ ನಿಮಗೆ ಸಿಗುವುದು ಅದೇ 22.

ಚಾಳಿನ ಲೆಕ್ಕವೂ ಹೇಳಿಬಿಡ್ತೀನಿ. ಅಂಗಳದ ನೆಲದಲ್ಲಿ ನಿಂತರೆ 90ಕ್ಕೆ 55 ಮಿ.ಮೀ. ರೈಸ್ ಬೇಕು, 75ಕ್ಕೆ 36. ಎರಡೂ ಆಗದ ಮಾತು. ಆದ್ದರಿಂದ ಮೊದಲನೇ ಮಹಡಿಯ ಗ್ಯಾಲರಿ ಹತ್ತಿ. ಅಲ್ಲಿಂದ 75 ಹಾಕಿ 9 ಮಿ.ಮೀ. ಏರಿಸಿದರೆ ನಲ್ಲಿಯಿಂದ ಮಾಡಿನ ಅಂಚಿನವರೆಗೆ ಎಲ್ಲ ಬರುತ್ತದೆ. 12ರವರೆಗೆ ಏರಿಸಿದರೆ ಒಂದು ಎಳೆ ಆಕಾಶವೂ ಸಿಗುತ್ತದೆ. 90ರಲ್ಲಿ 9 ಮೀಟರ್ ದೂರಕ್ಕೆ ಒಟ್ಟು 12 ಮೀಟರ್ ಎತ್ತರವೇ ಹಿಡಿಯುವುದು. ನಿಮ್ಮ ಚಾಳು 13. ಒಂದು ಮೀಟರ್ ಬಿಟ್ಟುಕೊಡಬೇಕು. ಆಕಾಶವೋ ನಲ್ಲಿಯೋ ನೀವೇ ನೋಡಿ.

ಮಾಟುಂಗಾಮಾಣಿ (ಮುಂಬಯಿ):
ನಾನು ಮೊದಲೇ ಹೇಳಿದ್ದೆ. 75.

ಮಡಗಾಂವ್‌ಮಳೆ (ಗೋವಾ):
ಮಾಣಿ, ಗೆದ್ದೆ ಅಂತ ಈಗಲೇ ಲಾಡು ಹಂಚಬೇಡಿ. 75ನ್ನು ನೆಟ್ಟಗಿನ ಚಿತ್ರಕ್ಕೆ ಹಾಕಿದರೆ ಮಡಚುವ ಕ್ಯಾಮೆರಾದ ಮುಂದಿನ ಹಲಗೆಯೇ ಚಿತ್ರದ ಕೆಳಗೆ ಬಂದು ಕೂರುತ್ತದೆ. ನನಗೆ ಹಾಗೆ ಎರಡು ಶೀಟ್ ಹೋಯಿತು. ಗ್ರೌಂಡ್ ಗ್ಲಾಸಿನಲ್ಲಿ (ಕ್ಯಾಮೆರಾ ಹಿಂದಿನ ಮಸುಕು ಗಾಜು) ಚಿತ್ರ ತಲೆಕೆಳಗಾಗಿ ಕಾಣುವುದರಿಂದ ಅದು ಮೇಲಿನ ಅಂಚಿನಲ್ಲಿ ಮಸುಕು ಮಸುಕಾಗಿ ಇತ್ತು, ಯಾವುದೋ ಮಾಡು ಅಂದುಕೊಂಡೆ. ತೊಳೆದ ಮೇಲೆ ನೋಡಿದರೆ ನನ್ನದೇ ಕ್ಯಾಮೆರಾದ ಹಿತ್ತಾಳೆ ಸ್ಕ್ರೂ! ಹಲಗೆಯನ್ನು ಕೆಳಗೆ ಬಾಗಿಸಲು ಬಂದರೆ ಸರಿ, ಬಾರದಿದ್ದರೆ ನೀವು ಹೇಳುವ ನಲ್ಲಿ ಸಿಗುವುದಿಲ್ಲ.

ಮತ್ತೆ ಬೆಳಕು. ವೈಡ್ ಲೆನ್ಸಿನಲ್ಲಿ ಮೂಲೆ ಕಪ್ಪಾಗುತ್ತದೆ. 90ರಲ್ಲಿ ನಡುವಿಗಿಂತ ಮೂಲೆಗೆ ಒಂದೂಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಕಡಿಮೆ, 75ರಲ್ಲಿ ಒಂದೂವರೆ, ರೈಸ್ ಮಾಡಿದರೆ ಇನ್ನೂ ಜಾಸ್ತಿ. ಸ್ಲೈಡ್ ಫಿಲ್ಮ್ ಆದರೆ ಸೆಂಟರ್ ಫಿಲ್ಟರ್ (ನಡುವೆ ಕಪ್ಪಾದ ಗಾಜು) ಬೇಕೇ ಬೇಕು, ಅದರ ಬೆಲೆ ಕೇಳಿದರೆ ಇನ್ನೊಂದು ಲೆನ್ಸೇ ಬಂದೀತು. ಕಪ್ಪು ಬಿಳುಪು ಆದರೆ ಬಿಡಿ. ಮೂಲೆಗೆ ಆಕಾಶ ಬಂದರೆ ಆ ಕಪ್ಪು ಚೆನ್ನಾಗಿಯೇ ಕಾಣುತ್ತದೆ. ಉಳಿದದ್ದನ್ನು ಪ್ರಿಂಟ್ ಮಾಡುವಾಗ ಸರಿ ಮಾಡಬಹುದು.

ಚಾಳ್‌ಹುಡುಗಿ (ಮುಂಬಯಿ):
ಮಳೆ ಅಕ್ಕಾ, ಎಫ್ 8 ಅಂದರೆ ಮನೆಯೊಳಗೆ ಗ್ರೌಂಡ್ ಗ್ಲಾಸಿನಲ್ಲಿ ಏನಾದರೂ ಕಾಣುತ್ತದಾ? ದೊಡ್ಡಮ್ಮನ ಖೋಲಿಯಲ್ಲಿ ಒಂದೇ ಕಿಟಕಿ.

ಮಡಗಾಂವ್‌ಮಳೆ (ಗೋವಾ):
ನಡುವೆ ಕಾಣುತ್ತದೆ, ಮೂಲೆ ಕತ್ತಲೆ. ಎಫ್ 4.5 ಬಂದರೆ ಸುಲಭ, ಆದರೆ ಅದು ಭಾರ, 82 ಮಿ.ಮೀ. ಫಿಲ್ಟರ್ ಬೇಕು, ಪುಟ್ಟ ಕ್ಯಾಮೆರಾದ ಮೂತಿ ಜೋತು ಬೀಳುತ್ತದೆ. ನಾನು ಎಫ್ 8ರಲ್ಲೇ ಇಗರ್ಜಿಯೊಳಗೆ ತೆಗೆಯುತ್ತೇನೆ. ಒಂದು ಸಣ್ಣ ಟಾರ್ಚನ್ನು ಎದುರು ಗೋಡೆಯ ಬುಡದಲ್ಲಿ ಕ್ಯಾಮೆರಾ ಕಡೆ ಮುಖ ಮಾಡಿ ಇಡಿ. ಗ್ರೌಂಡ್ ಗ್ಲಾಸಿನಲ್ಲಿ ಆ ಚುಕ್ಕೆ ಚೂಪಾಗುವವರೆಗೆ ಫೋಕಸ್ ತಿರುಗಿಸಿ. ಅಷ್ಟೇ. ಆಮೇಲೆ ಎಫ್ 22ಕ್ಕೆ ಮುಚ್ಚಿ. ಎಚ್‌ಪಿ5 (ಕಪ್ಪು ಬಿಳುಪು ಫಿಲ್ಮ್) ಹಾಕಿದ್ದರೆ, ಬೆಳಕಿನ ಮೀಟರ್ 10 ಸೆಕೆಂಡ್ ಅಂದಾಗ 20 ಕೊಡಿ, ಉದ್ದ ಎಕ್ಸ್‌ಪೋಷರ್‌ನಲ್ಲಿ ಫಿಲ್ಮ್ ಸೋಮಾರಿಯಾಗುತ್ತದೆ. ದೊಡ್ಡಮ್ಮನಿಗೆ ಗೋಡೆಗೆ ಒರಗಿ ಕೂರಲು ಹೇಳಿ. ನಿಂತವರು 20 ಸೆಕೆಂಡ್ ಅಲ್ಲಾಡದೆ ಇರಲಾರರು.

ಮಾಟುಂಗಾಮಾಣಿ (ಮುಂಬಯಿ):
ಯಾವುದೇ ತಗೊಳ್ಳಿ, ಕೈಯಲ್ಲಿ ಹಿಡಿದು ನೋಡದೆ ತಗೊಳ್ಳಬೇಡಿ. ನಾನು ಫೋರ್ಟ್ ಕಡೆಯ ಒಂದು ಅಂಗಡಿಯಲ್ಲಿ ಕೈ ಸುಟ್ಟುಕೊಂಡೆ. ಹೊರಗೆ ಗಾಜು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮನೆಗೆ ಬಂದು ಷಟರ್ ತೆರೆದಿಟ್ಟು ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗೆ ಜೇಡರ ಬಲೆ. ಫಂಗಸ್. ವಾಪಸ್ ಕೇಳಿದರೆ "ಮುಂಬಯಿ ಹವೆಗೆ ಎಲ್ಲಾ ಲೆನ್ಸಿಗೂ ಬರುತ್ತದೆ ಸೇಠ್" ಅಂದ. ಸೂಪರ್ ಆಂಗ್ಯುಲಾನ್ ಒಳಗೆ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಹೆದರಬೇಡಿ, ಅದು ಒಳಗಿನ ಕಪ್ಪು ಬಣ್ಣ ಏಳುವುದು, ಚಿತ್ರಕ್ಕೇನೂ ಆಗಲ್ಲ. ದಾರದ ಹಾಗೆ ಕವಲೊಡೆದಿದ್ದರೆ ಮಾತ್ರ ಕೈ ಮುಗಿದು ಬನ್ನಿ. ಷಟರ್ ಒಂದು ಸೆಕೆಂಡಿಗಿಟ್ಟು ಒತ್ತಿ. ಕಿರ್‍ರ್ ಅಂತ ಒಂದೇ ಉಸಿರಲ್ಲಿ ಮುಗಿಯಬೇಕು. ಮಧ್ಯೆ ತಡವರಿಸಿದರೆ ಒಳಗೆ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ಮತ್ತೆ ಚರ್ಮದ ಪೆಟ್ಟಿಗೆಯಲ್ಲಿ ಇಡಬೇಡಿ, ಮಳೆಗಾಲದಲ್ಲಿ ಅದೇ ಫಂಗಸ್ಸಿಗೆ ಬಾಣಂತಿಕೋಣೆ.

ಲೆಕ್ಕದಪಾಟಿ (ಪುಣೆ):
ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಹೇಳ್ತೀನಿ. ರಟ್ಟಿನಲ್ಲಿ 94 × 120 ಮಿ.ಮೀ. ಕಿಂಡಿ ಕೊಯ್ಯಿರಿ. ಅದಕ್ಕೊಂದು ದಾರ ಕಟ್ಟಿ, ರಟ್ಟಿನಿಂದ 75 ಮಿ.ಮೀ.ಗೆ ಒಂದು ಗಂಟು, 90ಕ್ಕೆ ಒಂದು ಗಂಟು. ಗಂಟನ್ನು ಕಣ್ಣಿನ ಪಕ್ಕ ಹಿಡಿದು ಒಂದೇ ಕಣ್ಣಲ್ಲಿ ನೋಡಿ. ಆ ಲೆನ್ಸ್ ಕಾಣುವಷ್ಟೇ ನಿಮಗೂ ಕಾಣುತ್ತದೆ. ರೈಸ್ ಬೇಕಾದರೆ ರಟ್ಟನ್ನು ಅಷ್ಟು ಮಿ.ಮೀ. ಮೇಲಕ್ಕೆ ಸರಿಸಿ, ಓರೆ ಮಾಡಬೇಡಿ.

ಚಾಳ್‌ಹುಡುಗಿ (ಮುಂಬಯಿ):
ಇವತ್ತು ಬೆಳಿಗ್ಗೆ ರಟ್ಟು ಹಿಡಿದು ಹೋದೆ. ಬಿಸ್ಕತ್ ಡಬ್ಬದ ರಟ್ಟು, ದೊಡ್ಡಮ್ಮನ ಹೂವಿನ ದಾರ. ಮೊದಲನೇ ಮಹಡಿ ಗ್ಯಾಲರಿಯಲ್ಲಿ ಒಂದು ಕಣ್ಣು ಮುಚ್ಚಿ ನಿಂತಿದ್ದಕ್ಕೆ ಪಕ್ಕದ ಖೋಲಿಯ ಆಜಿ ಕಣ್ಣಿಗೆ ಏನಾಯ್ತು ಅಂತ ಅರ್ಧ ಗಂಟೆ ವಿಚಾರಿಸಿದರು.

75ರ ಗಂಟಿನಲ್ಲಿ ಪಾಟಿಯವರು ಹೇಳಿದ ಹಾಗೇ ಎಲ್ಲ ಬಂತು. ನಲ್ಲಿ, ಮಾಡು, ಸ್ವಲ್ಪ ಆಕಾಶ. ಅದರ ಜೊತೆ ಎಡಕ್ಕೆ ಹೊಸದಾಗಿ ಹಾಕಿದ ನೀಲಿ ತಗಡೂ ಬಂತು, ಬಲಕ್ಕೆ ನೀರಿನ ಪೈಪುಗಳ ಗೊಂಚಲೂ ಬಂತು. 90ರಲ್ಲಿ ಅವೆರಡೂ ಹೊರಗೆ. ಮಾಡಿನ ಅಂಚು ಹೋಯಿತು, ಆದರೆ ಮೂರೂ ಗ್ಯಾಲರಿ, ಸೀರೆಗಳು, ಕೆಳಗೆ ನಲ್ಲಿ ಹತ್ತಿರ ಬಕೆಟ್ ಸಾಲು ಎಲ್ಲ ಇತ್ತು. ಆಕಾಶ ಬೇಕು ಅಂದಿದ್ದು ನಾನೇ. ನೋಡಿದ ಮೇಲೆ ಬೇಡ ಅನ್ನಿಸಿತು. ಖೋಲಿಯೊಳಗೆ ಬಾಗಿಲಿಗೆ ಬೆನ್ನು ಕೊಟ್ಟು ನೋಡಿದರೂ 90ರಲ್ಲಿ ಕಿಟಕಿ, ಮಾಳಿಗೆ, ದೇವರ ಗೂಡು ಮೂರೂ ಬಂದವು.

90, ಎಫ್ 8. ಸೂಪರ್ ಆಂಗ್ಯುಲಾನ್ ಆಗಲಿ ನಿಕ್ಕಾರ್ ಆಗಲಿ, ಯಾವುದು ಫಂಗಸ್ ಇಲ್ಲದೆ ಮೊದಲು ಸಿಗುತ್ತದೋ ಅದು.

ಮಾಟುಂಗಾಮಾಣಿ (ಮುಂಬಯಿ):
ಸರಿ, ಸೋತೆ. ನನ್ನ 90 ಕಪಾಟಿನಲ್ಲಿ ಸುಮ್ನೆ ಕೂತಿದೆ, ಷಟರ್ ಚೆನ್ನಾಗಿದೆ. ತಗೊಳ್ಳುವ ಮೊದಲು ಅದನ್ನೇ ಹಾಕಿ ನಾಲ್ಕು ಶೀಟ್ ತೆಗೆದು ನೋಡಿ. ಆದಿತ್ಯವಾರ ಬೆಳಿಗ್ಗೆ ಎಂಟಕ್ಕೆ ಮಾಟುಂಗಾ ಸ್ಟೇಷನ್ ಹೊರಗೆ. ನಿಮ್ಮ ಲೆನ್ಸ್ ಬೋರ್ಡಿನ (ಲೆನ್ಸ್ ಕೂರಿಸುವ ಹಲಗೆ) ಅಳತೆ ಮಾತ್ರ ಇವತ್ತೇ ಕಳಿಸಿ, ತೂತು ಸರಿಹೋಗದಿದ್ದರೆ ಇಡ್ಲಿ ತಿಂದು ವಾಪಸ್ ಹೋಗಬೇಕಾದೀತು.