ಲಿನನ್ ಬಟ್ಟೆಗಳನ್ನು ಡ್ರೈಕ್ಲೀನಿಂಗ್‌ಗೆ ಕೊಡದೆ ಮನೆಯಲ್ಲೇ ಕಾಪಾಡುವುದು ಹೇಗೆ?

ಪ್ರಶ್ನೆ (ಹಿತ್ತಲಬಾಳೆ, ಬೆಂಗಳೂರು)

ನಮ್ಮ ಮನೆಯಲ್ಲಿ ನಾಲ್ಕೈದು ಲಿನನ್ ಅಂಗಿಗಳೂ ಒಂದು ಲಿನನ್ ಸೀರೆಯೂ ಇವೆ. ಎಲ್ಲವನ್ನೂ ಡ್ರೈಕ್ಲೀನಿಂಗ್‌ಗೇ ಕೊಡಬೇಕೆಂದು ಅಂಗಡಿಯವರು ಹೇಳಿದರು. ಆದರೆ ಅಂಗಿಯ ಲೇಬಲ್ಲಿನಲ್ಲಿ 40 ಡಿಗ್ರಿ ನೀರಿನಲ್ಲಿ ಒಗೆಯಬಹುದೆಂಬ ಗುರುತು ಸ್ಪಷ್ಟವಾಗಿದೆ. ನಾವಿರುವುದು ಊರ ಹೊರಭಾಗದಲ್ಲಿ, ಬಳಸುವುದು ಬೋರ್‌ವೆಲ್ಲಿನ ಗಡಸು ನೀರು. ಬಿಳಿ ಅಂಗಿ ಬರಬರುತ್ತಾ ಬೂದುಬಣ್ಣಕ್ಕೆ ತಿರುಗುತ್ತಿದೆ, ಒಣಗಿದ ಮೇಲೆ ಹಪ್ಪಳದಂತೆ ಸೆಟೆದು ನಿಲ್ಲುತ್ತಿದೆ. ಇದಕ್ಕೆ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಕೆ? ಒಗೆದ ನೀರನ್ನು ಹಿತ್ತಲಿನ ಬಾಳೆಗೆ ಬಿಡುವ ರೂಢಿ ನಮ್ಮದು. ಆದ್ದರಿಂದ ಗಿಡಕ್ಕೂ ಬಟ್ಟೆಗೂ ಹಾನಿಯಾಗದ ಕ್ರಮವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ನೂಲೆಳೆ, ಹುಬ್ಬಳ್ಳಿ)

ಅಂಗಡಿಯವರ ಮಾತಿಗಿಂತ ಲೇಬಲ್ಲಿನ ಗುರುತನ್ನು ನಂಬಿರಿ. ಡ್ರೈಕ್ಲೀನಿಂಗಿನ ಸಲಹೆ ಜರಿ ಅಂಚಿನ ಸೀರೆಗೋ ಒಳಪದರ ಕೊಟ್ಟು ಹೊಲಿದ ಕೋಟಿಗೋ ಸಲ್ಲುತ್ತದೆಯೇ ಹೊರತು ಸಾದಾ ಅಂಗಿಗಲ್ಲ. ಆ ಕೆಲಸಕ್ಕೆ ಬಳಸುವ ದ್ರಾವಕಗಳಲ್ಲಿ ಮುಖ್ಯವಾದ ಪರ್‌ಕ್ಲೋರೋಎಥಿಲೀನನ್ನು ಡ್ರೈಕ್ಲೀನಿಂಗಿನಿಂದ 10 ವರ್ಷಗಳಲ್ಲಿ ಹಂತಹಂತವಾಗಿ ತೆಗೆದುಹಾಕಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ನೀರಿನಲ್ಲೇ ಸ್ವಚ್ಛವಾಗುವ ಅಂಗಿಯನ್ನು ಅದರಲ್ಲಿ ಅದ್ದಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಲಿನನ್ ಎಂದರೆ ಅಗಸೆ ಗಿಡದ ಕಾಂಡದಿಂದ ತೆಗೆದ ನಾರು. ಒದ್ದೆಯಾದಾಗ ಈ ನಾರು ಒಣಗಿದ್ದಾಗಿನದಕ್ಕಿಂತ ಗಟ್ಟಿಯಾಗುವುದರಿಂದ ನೀರಿನ ಭಯ ಅದಕ್ಕಿಲ್ಲ. ಆದರೆ ಎಳೆದರೆ ಹಿಗ್ಗುವ ಗುಣ ಅದಕ್ಕೆ ತೀರಾ ಕಡಿಮೆ; ಹೀಗಾಗಿ ಕಲ್ಲಿಗೆ ಬಡಿದಾಗ, ತಿರುಚಿ ಹಿಂಡಿದಾಗ, ಅಥವಾ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಎಳೆಗಳು ಆ ಗೆರೆಯಲ್ಲೇ ತುಂಡಾಗುತ್ತವೆ. ಹಳೆಯ ಲಿನನ್ ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು ನೋಡಿದರೆ, ಉಳಿದ ಬಟ್ಟೆ ಚೆನ್ನಾಗಿರುವಾಗಲೂ ಮಡಿಕೆಯ ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಬಿರುಕು ಕಾಣುವುದು ಇದೇ ಕಾರಣಕ್ಕೆ. ಸೀರೆಯ ಮಡಿಕೆಯನ್ನೂ ಆಗಾಗ ಬದಲಿಸುತ್ತಿರಬೇಕು.

ಇನ್ನು ಬೂದುಬಣ್ಣದ ವಿಷಯ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾರ್ ಸೋಪಿನೊಡನೆ ಸೇರಿ ಕರಗದ ಗಸಿಯಾಗಿ ಎಳೆಗಳ ನಡುವೆ ಕೂರುತ್ತವೆ. ಸೋಪು ಹೆಚ್ಚಿಸಿದರೆ ಗಸಿಯೂ ಹೆಚ್ಚುತ್ತದೆ. ಕೊನೆಯ ಸಲ ಜಾಲಿಸುವ ಬಕೆಟ್ ನೀರಿಗೆ ಕಾಲು ಲೋಟ ಬಿಳಿ ವಿನೆಗರ್ ಬೆರೆಸಿ ಹತ್ತು ನಿಮಿಷ ನೆನೆಸಿಟ್ಟರೆ ಬಿರುಸುತನ ಬಹುಮಟ್ಟಿಗೆ ಇಳಿಯುತ್ತದೆ. ಮಳೆನೀರು ಸಂಗ್ರಹವಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಕಂಡೀಷನರ್ ಬೇಡವೇ ಬೇಡ: ಅದು ನಾರಿನ ಮೇಲೆ ಜಿಡ್ಡಿನಂಥ ಪದರ ಕಟ್ಟುತ್ತದೆ, ಲಿನನ್ನಿಗಿರುವ ಬೆವರು ಹೀರುವ ಗುಣವೇ ಕುಂದುತ್ತದೆ.

ಉತ್ತರ (ಅಡಿಕೆತೋಟ, ತೀರ್ಥಹಳ್ಳಿ)

ನಮ್ಮಲ್ಲಿ ಇಂದಿಗೂ ಒಳ್ಳೆಯ ಬಟ್ಟೆಗಳಿಗೆ ಅಂಟುವಾಳವೇ. ಬೀಜ ತೆಗೆದ ಏಳೆಂಟು ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿಕೊಂಡರೆ ಎರಡು ಮೂರು ಅಂಗಿಗಳಿಗೆ ಸಾಕಾಗುತ್ತದೆ. ಅದರಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಗಡಸು ನೀರಿನಲ್ಲೂ ಸೋಪಿನಂತೆ ಗಸಿ ಕಟ್ಟುವುದಿಲ್ಲ. ಕಷಾಯ ಕಂದುಬಣ್ಣದ್ದಾದ ಕಾರಣ ಬಿಳಿ ಬಟ್ಟೆಗೆ ತೆಳುಮಾಡಿ ಬಳಸಿ, ಚೆನ್ನಾಗಿ ಜಾಲಿಸಬೇಕು. ಬಾಳೆಯ ಬುಡಕ್ಕೆ ಈ ನೀರನ್ನು ಬಿಡಲು ಅಡ್ಡಿಯಿಲ್ಲ. ಆದರೆ ಮೀನಿರುವ ಹೊಂಡಕ್ಕೆ ಹರಿಯಬಾರದು, ಸಪೋನಿನ್ ಮೀನಿಗೆ ವಿಷ.

ಮಳೆಗಾಲದ ಮಾತನ್ನೂ ಹೇಳಬೇಕು. ಗಂಜಿ ಹಾಕಿದ ಬಟ್ಟೆಯನ್ನು ಬೀರುವಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ, ಗಂಜಿಯ ಆಸೆಗೆ ಹುಳುವೂ ಬರುತ್ತದೆ. ಉಣ್ಣೆ, ರೇಷ್ಮೆಗೆ ಬೀಳುವ ನುಸಿ ಲಿನನ್ನಿಗೆ ಬೀಳುವುದಿಲ್ಲವಾದ್ದರಿಂದ ನ್ಯಾಫ್ತಲೀನ್ ಗುಳಿಗೆ ವ್ಯರ್ಥ. ಪೂರ್ತಿ ಒಣಗಿಸಿ, ಗಂಜಿಯಿಲ್ಲದೆ, ನಡುವೆ ಒಂದು ಹಿಡಿ ಲಾವಂಚದ ಬೇರಿಟ್ಟರೆ ಸಾಕು.

ಉತ್ತರ (ಕೆರೆಏರಿ, ಬೆಂಗಳೂರು)

ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿಯುವ ವಿಡಿಯೊಗಳು ಬಹಳ ಓಡಾಡುತ್ತಿವೆ, ದಯವಿಟ್ಟು ಅನುಸರಿಸಬೇಡಿ. ಒಂದು ಕ್ಷಾರ, ಇನ್ನೊಂದು ಆಮ್ಲ. ಬೆರೆತಾಗ ನೊರೆ ಉಕ್ಕಿ ಎರಡರ ಗುಣವೂ ಹೋಗುತ್ತದೆ. ವಾಷಿಂಗ್ ಸೋಡಾ ನೀರನ್ನು ಮೆದುಗೊಳಿಸುವುದೇನೋ ನಿಜ, ಆದರೆ ಅದರ ಸೋಡಿಯಂ ವರ್ಷಗಟ್ಟಲೆ ಬಾಳೆಯ ಬುಡಕ್ಕೆ ಬಿದ್ದರೆ ಮಣ್ಣು ಚೌಳಾಗುತ್ತದೆ. ಚರಂಡಿಗೆ ಬಿಟ್ಟರೆ ಸರಿಹೋಯಿತೆಂದುಕೊಳ್ಳುವಂತೆಯೂ ಇಲ್ಲ: ಶುದ್ಧೀಕರಿಸದ ಕೊಳಚೆಯೊಡನೆ ಡಿಟರ್ಜೆಂಟೂ ಸೇರಿ ಉಕ್ಕಿದ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಉಳಿತಾಯವೆಂದರೆ ಒಗೆಯುವುದನ್ನೇ ಕಡಿಮೆ ಮಾಡುವುದು. ಬೆವರದ ದಿನ ಹಾಕಿದ ಅಂಗಿಯನ್ನು ರಾತ್ರಿ ಗಾಳಿಗೆ ತೂಗುಹಾಕಿದರೆ ಮತ್ತೊಂದು ದಿನಕ್ಕೆ ಬರುತ್ತದೆ. ಮೆಷೀನಿನಲ್ಲಿ ಹಾಕುವುದಾದರೆ ತಣ್ಣೀರು, ಅರ್ಧ ಹೊರೆ, ಕಡಿಮೆ ಸ್ಪಿನ್. ಹೊರತೆಗೆದೊಡನೆ ಜಾಡಿಸಿ, ಭುಜದ ಹೊಲಿಗೆ ನೇರಮಾಡಿ ಹ್ಯಾಂಗರಿಗೆ ಹಾಕಿ, ಇನ್ನೂ ತೇವವಿರುವಾಗಲೇ ಒಳಮೈಯಿಂದ ಇಸ್ತ್ರಿ ಮಾಡಬೇಕು. ಗರಿಗರಿ ಒಣಗಿದ ಲಿನನ್ನಿನ ಸುಕ್ಕು ಬಿಡಿಸಲು ಎರಡು ಪಟ್ಟು ಕರೆಂಟು ಸುಟ್ಟರೂ ಸಮಾಧಾನವಾಗುವುದಿಲ್ಲ.

ಪ್ರಶ್ನೆ ಕೇಳಿದವರು (ಹಿತ್ತಲಬಾಳೆ)

ಎಲ್ಲರಿಗೂ ಧನ್ಯವಾದಗಳು. ಇನ್ನೊಂದೇ ಸಂದೇಹ: ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದೊಡನೆ ಕೆಂಪಾಯಿತು. ಬ್ಲೀಚ್ ಹಾಕದೆ ಅದನ್ನು ತೆಗೆಯಬಹುದೆ?

ಉತ್ತರ (ನೂಲೆಳೆ, ಹುಬ್ಬಳ್ಳಿ)

ಖಂಡಿತ ತೆಗೆಯಬಹುದು. ಅರಿಶಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ, ನಿಂಬೆರಸ ತಾಗಿದರೆ ಮತ್ತೆ ಹಳದಿಗೆ ಬರುತ್ತದೆ. ಅದರ ಬಣ್ಣ ಬಿಸಿಲಿಗೆ ಮಾತ್ರ ತಡೆಯದು. ನಿಂಬೆರಸವನ್ನು ತೊಳೆದು ತೆಗೆದು, ಕಲೆಯಿದ್ದ ಭಾಗವನ್ನು ಒದ್ದೆ ಮಾಡಿ ನೇರ ಬಿಸಿಲಿಗೆ ಹರವಿ, ಒಣಗಿದಂತೆಲ್ಲ ನೀರು ಚಿಮುಕಿಸುತ್ತಿರಿ. ಐರ್ಲೆಂಡಿನಲ್ಲಿ ಹಿಂದೆ ಲಿನನ್ ಥಾನುಗಳನ್ನು ಹುಲ್ಲಿನ ಮೇಲೆ ಹಾಸಿ ಬಿಳುಪು ಮಾಡುತ್ತಿದ್ದುದೂ ಬಿಸಿಲಿನಿಂದಲೇ. ಬಣ್ಣದ ಅಂಗಿಗೆ ಮಾತ್ರ ಇದನ್ನು ಮಾಡಬೇಡಿ. ಕಲೆಯೊಡನೆ ಬಣ್ಣವೂ ಹೋಗುತ್ತದೆ.